ನೋವಿಲ್ಲ ಅಂದರೆ ಎಲುಬು ಗಟ್ಟಿಯಿದೆ ಎಂದರ್ಥವೇ?

ಮುದಗಲ್ ಬಳಿಯ ಪಿಕ್ಲಿಹಾಳದಲ್ಲಿ 1952ರಲ್ಲಿ ನಡೆದ ಉತ್ಖನನದಲ್ಲಿ ಪ್ರಾಚೀನ ಮನುಷ್ಯರ ಎಲುಬುಗಳು ಸಿಕ್ಕಿದ್ದವು. ಅಷ್ಟು ಕಾಲ ಮಣ್ಣಲ್ಲಿ ಉಳಿದದ್ದು ನೋಡಿದರೆ ಎಲುಬು ಕಲ್ಲೇ ಅನ್ನಿಸಬಹುದು. ಆದರೆ ನಮ್ಮ ಮೈಯಲ್ಲಿರುವ ಎಲುಬು ದಿನವೂ ಕರಗುತ್ತದೆ, ದಿನವೂ ಕಟ್ಟಿಕೊಳ್ಳುತ್ತದೆ. ಕರಗಿಸುವ ಕೋಶ ಆಸ್ಟಿಯೋಕ್ಲಾಸ್ಟ್, ಕಟ್ಟುವ ಕೋಶ ಆಸ್ಟಿಯೋಬ್ಲಾಸ್ಟ್. ವಯಸ್ಸಾದಂತೆ, ಮಹಿಳೆಯರಲ್ಲಿ ಮುಟ್ಟು ನಿಂತ ಮೇಲಂತೂ, ಕರಗಿದಷ್ಟು ಮತ್ತೆ ಕಟ್ಟಿಕೊಳ್ಳುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳಗಿನ ಜಾಲರಿ ತೆಳ್ಳಗಾಗಿ, ಎಳೆಗಳು ಅಲ್ಲಲ್ಲಿ ಕಡಿದಿರುತ್ತವೆ. ಹೊರಗಿನ ಗಟ್ಟಿ ಪದರದಲ್ಲೂ ತೂತುಗಳು ದೊಡ್ಡದಾಗಿರುತ್ತವೆ.

ಇದಕ್ಕೆ ನೋವಿಲ್ಲ. ಮಂಡಿ ನೋವಿಗೆ ‘ಎಲುಬು ಸವೆದಿದೆ’ ಅನ್ನುತ್ತೇವಲ್ಲ, ಅಲ್ಲಿ ಮೊದಲು ಸವೆಯುವುದು ಮೃದ್ವಸ್ಥಿ. ಅದು ಬೇರೆ ಕಾಯಿಲೆ. ಸುಮಾರು ಶೇ 30ರಷ್ಟು ಎಲುಬು ಕರಗುವವರೆಗೆ ಎಕ್ಸ್-ರೇಯಲ್ಲೂ ಸರಿಯಾಗಿ ಕಾಣದು, ಡೆಕ್ಸಾ ಸ್ಕ್ಯಾನ್ ಬೇಕು. ಬಹಳ ಮನೆಗಳಲ್ಲಿ ಇದು ಗೊತ್ತಾಗುವುದು ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಾಗಲೇ.