ಹೃದಯ ನಿಲ್ಲಿಸಿದಾಗ ದೇಹಕ್ಕೆ ಆಮ್ಲಜನಕ ಎಲ್ಲಿಂದ?

"ಹೃದಯವನ್ನೇ ನಿಲ್ಲಿಸಿ ಆಪರೇಶನ್ ಮಾಡುತ್ತಾರಂತೆ" ಎಂಬ ಮಾತು ಕೇಳಿದರೆ ಮನೆಮಂದಿ ಕಂಗಾಲಾಗುವುದು ಸಹಜ. ಈ ಹೆದರಿಕೆಯಿಂದಲೇ ಚಿಕಿತ್ಸೆ ಮುಂದೂಡುವವರೂ ಇದ್ದಾರೆ. ಆದುದರಿಂದ ವಿಷಯವನ್ನು ನಮ್ಮ ತೋಟದ ಲೆಕ್ಕದಲ್ಲೇ ತಿಳಿದುಕೊಳ್ಳೋಣ.

ಬೇಸಿಗೆಯಲ್ಲಿ ಸುರಂಗದ ನೀರು ಕಡಿಮೆಯಾದಾಗ ನಾವು ಬೆಳ್ಳೂರಿನವರು ಎರಡು ಕೆಲಸ ಮಾಡುತ್ತೇವೆ. ಇರುವ ನೀರನ್ನು ಪೋಲಾಗದಂತೆ ಅಡಿಕೆಯ ಬುಡಕ್ಕೆ ಮುಟ್ಟಿಸುತ್ತೇವೆ. ಬುಡಕ್ಕೆ ಸೊಪ್ಪು, ತರಗೆಲೆ ಹಾಕಿ ನೀರಿನ ಖರ್ಚನ್ನು ತಗ್ಗಿಸುತ್ತೇವೆ. ಹೃದಯದ ಆಪರೇಶನ್‌ನಲ್ಲಿ ವೈದ್ಯರು ಮಾಡುವುದೂ ಇದನ್ನೇ.

ಪೂರೈಕೆ: ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಹರಿಸುತ್ತದೆ. ಅದರಲ್ಲಿ ಸುಮಾರು 1000 ಮಿಲಿಲೀಟರ್ ಆಮ್ಲಜನಕವಿರುತ್ತದೆ. ದೇಹ ಬಳಸುವುದು ಸುಮಾರು 250 ಮಾತ್ರ. ಆದರೆ ರಕ್ತದ ಹರಿವೇ ನಿಂತರೆ ನಾಲ್ಕೈದು ನಿಮಿಷಗಳಲ್ಲಿ ಮಿದುಳಿಗೆ ಹಾನಿ ತಟ್ಟುತ್ತದೆ. ಅದಕ್ಕಾಗಿ ಹೃದಯ-ಶ್ವಾಸಕೋಶ ಯಂತ್ರವಿದೆ. ಇದು ಅಶುದ್ಧ ರಕ್ತವನ್ನು ಕೊಳವೆಯ ಮೂಲಕ ಹೊರತಂದು, ಆಕ್ಸಿಜನೇಟರ್ ಎಂಬ ಭಾಗದಲ್ಲಿ ಆಮ್ಲಜನಕ ಸೇರಿಸಿ, ಪಂಪಿನಿಂದ ದೇಹಕ್ಕೆ ಮರಳಿಸುತ್ತದೆ. 1953ರ ಮೇ 6ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಡಾ. ಜಾನ್ ಗಿಬ್ಬನ್ ಇಂಥ ಯಂತ್ರದ ನೆರವಿನಿಂದ ಮೊದಲ ಬಾರಿಗೆ ಹೃದಯದ ಆಪರೇಶನ್ ಯಶಸ್ವಿಗೊಳಿಸಿದರು. ನಮ್ಮ ರಾಜ್ಯದ ತಿರುವನಂತಪುರದ ಶ್ರೀಚಿತ್ರಾ ತಿರುನಾಳ್ ಸಂಸ್ಥೆಯೂ ಸ್ವದೇಶಿ ಆಕ್ಸಿಜನೇಟರನ್ನು ಅಭಿವೃದ್ಧಿಪಡಿಸಿತ್ತು.

ದೇಹದಿಂದ ಮರಳುವ ರಕ್ತದಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂಬುದನ್ನು ತಜ್ಞರು ನೋಡುತ್ತಲೇ ಇರುತ್ತಾರೆ. ಅದು ತೀರಾ ಇಳಿದರೆ ಪೂರೈಕೆ ಸಾಲದೆಂದು ಅರ್ಥ. ಕೂಡಲೇ ಹರಿವನ್ನು ಹೆಚ್ಚಿಸುತ್ತಾರೆ ಅಥವಾ ಅಗತ್ಯವಿದ್ದರೆ ರಕ್ತ ಕೊಡುತ್ತಾರೆ.

ಖರ್ಚು: ದೇಹವನ್ನು ತಂಪು ಮಾಡಿದರೆ ಆಮ್ಲಜನಕದ ಬೇಡಿಕೆ ಇಳಿಯುತ್ತದೆ. 37 ಡಿಗ್ರಿಯಿಂದ 28 ಡಿಗ್ರಿಗೆ ಇಳಿಸಿದರೆ ಸುಮಾರು ಅರ್ಧ ಸಾಕು. ಹೃದಯವನ್ನು ನಿಲ್ಲಿಸಲು ಪೊಟ್ಯಾಸಿಯಂ ಇರುವ ದ್ರವ ಬಳಸುತ್ತಾರೆ. ತೋಟಕ್ಕೆ ಹಾಕುವ ಪೊಟ್ಯಾಶ್ ಗೊಬ್ಬರದಲ್ಲಿರುವುದೂ ಇದೇ ಧಾತು. ಬಡಿತ ನಿಂತ ಹೃದಯಕ್ಕೆ ಆಮ್ಲಜನಕ ಬಹಳ ಕಡಿಮೆ ಸಾಕು. ಕೆಲಸ ಮುಗಿದ ಮೇಲೆ ಬೆಚ್ಚಗಿನ ರಕ್ತ ಹರಿಸಿದಾಗ ಹೃದಯ ಮತ್ತೆ ಬಡಿಯತೊಡಗುತ್ತದೆ. ಎಲ್ಲ ಹೃದಯ ಆಪರೇಶನ್‌ಗಳಿಗೂ ಹೃದಯ ನಿಲ್ಲಿಸಬೇಕಾಗಿಲ್ಲ ಎಂಬುದೂ ತಿಳಿದಿರಲಿ.

ನಾವು ಮಾಡಬೇಕಾದದ್ದು: ಆಮ್ಲಜನಕವನ್ನು ಹೊರುವುದು ರಕ್ತದ ಹಿಮೋಗ್ಲೋಬಿನ್. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಹೊರಬಲ್ಲದು. ರಕ್ತಹೀನತೆ ಇದ್ದರೆ ಪೂರೈಕೆಯೇ ಕುಂದುತ್ತದೆ. ಆದುದರಿಂದ ಆಪರೇಶನ್ ಬೇಕೆಂದು ತಿಳಿದ ಕೂಡಲೇ ರಕ್ತ ಪರೀಕ್ಷೆ ಮಾಡಿಸಿ, ಕೊರತೆಯಿದ್ದರೆ ವೈದ್ಯರು ಹೇಳಿದಂತೆ ಔಷಧಿ ತೆಗೆದುಕೊಳ್ಳಿ. ಬೀಡಿ, ಸಿಗರೇಟು ಅಂದೇ ಬಿಡಿ; ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕದ ಜಾಗವನ್ನು ಕಸಿದುಕೊಳ್ಳುತ್ತದೆ.

ಆರೋಗ್ಯವಂತರು ರಕ್ತದಾನಕ್ಕೆ ಹಿಂಜರಿಯದಿರಿ. ನೆರೆಮನೆಯವರು ಆಪರೇಶನ್‌ಗೆಂದು ಮಂಗಳೂರಿಗೆ ಹೊರಟಾಗ ಧೈರ್ಯದ ಮಾತಿನ ಜೊತೆಗೆ ಒಂದು ಬಾಟ್ಲಿ ರಕ್ತವೂ ನಮ್ಮಿಂದ ಸಲ್ಲಲಿ.