ಉಣುಗಿಗಿಂತ ಮೊದಲು ಊರಿಗೆ ಬರಬೇಕಾದವರು

1982ರ ಕೊನೆಯಿಂದ 1983ರ ಬೇಸಿಗೆಯ ತನಕ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ ಆಸುಪಾಸಿನ ಕಾಡಂಚಿನಲ್ಲಿ ಒಂದು ಜ್ವರ ಹಬ್ಬಿತು. ಗೇರು ನೆಡುವುದಕ್ಕೆಂದು ಕಾಡು ಕಡಿದಿದ್ದ ಜಾಗ ಅದು. ಮರ ಕಡಿಯಲು ಹೋದ ಕೂಲಿಯವರು, ಸೌದೆಗೆ ಹೋದವರು, ಹಟ್ಟಿಗೆ ಸೊಪ್ಪು ತರಲು ಹೋದ ಹೆಂಗಸರು ಒಬ್ಬೊಬ್ಬರಾಗಿ ಹಾಸಿಗೆ ಹಿಡಿದರು. ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಅದು ಮಂಗನ ಕಾಯಿಲೆ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲೇ ಅದರ ವೈರಸ್ ಪತ್ತೆಯಾಗಿತ್ತು. ಯಾವ ಉಣುಗು ಕಚ್ಚಿದರೆ ಬರುತ್ತದೆ, ವರ್ಷದ ಯಾವ ತಿಂಗಳಲ್ಲಿ ಬರುತ್ತದೆ ಎಂಬುದೆಲ್ಲ ಪುಣೆಯ ವೈರಸ್ ಪ್ರಯೋಗಾಲಯದ ವರದಿಗಳಲ್ಲಿ ಆಗಲೇ ದಾಖಲಾಗಿತ್ತು. ಅದರಲ್ಲಿ ಕಾಡಂಚಿನ ಮನೆಗಳಿಗೆ ತಲುಪಿದ್ದು ತೀರ ಕಡಿಮೆ.

ಆ ಹೊತ್ತಿನಲ್ಲಿ ಈ ಸೀಮೆಯನ್ನು ಹತ್ತಿರದಿಂದ ಬಲ್ಲ ಮಾರ್ಕ್ ನಿಕ್ಟರ್ ಎಂಬ ಅಮೆರಿಕದ ವೈದ್ಯಕೀಯ ಮಾನವಶಾಸ್ತ್ರಜ್ಞರು ಜನ ಈ ಕಾಯಿಲೆಯನ್ನು ಹೇಗೆ ಅರ್ಥಮಾಡಿಕೊಂಡರು ಎಂಬುದನ್ನು ದಾಖಲಿಸಿ 1987ರಲ್ಲಿ ಪ್ರಕಟಿಸಿದರು. ಕಾಡು ಕಡಿದದ್ದು, ಕಾಡನ್ನು ಕಾಯುವ ದೈವಗಳು ಮುನಿದದ್ದು, ಜ್ವರ ಬಂದದ್ದು ಜನರ ಮನಸ್ಸಿನಲ್ಲಿ ಒಂದೇ ಕತೆಯಾಗಿ ಕೂಡಿಕೊಂಡಿತ್ತು. ಇದನ್ನು ಓದಿ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಕಾಡು ಕಡಿದದ್ದಕ್ಕೂ ಜ್ವರಕ್ಕೂ ಸಂಬಂಧವಿದೆ ಎಂಬ ಅವರ ಊಹೆ ಸರಿಯಾಗಿಯೇ ಇತ್ತು. ನಡುವಿನ ಕೊಂಡಿ, ಅಂದರೆ ಉಣುಗು, ಕಾಣಿಸಿರಲಿಲ್ಲ. ಅದನ್ನು ಬೆರಳಿಟ್ಟು ತೋರಿಸಬಲ್ಲವರು ಸಮಯಕ್ಕೆ ಅಂಗಳಕ್ಕೆ ಬರಲಿಲ್ಲ.

ಕ್ಯಾಸನೂರಿನಲ್ಲೂ ಮೊದಲು ಕಣ್ಣುಬಿಟ್ಟು ನೋಡಿದವರು ಹಳ್ಳಿಯವರೇ. ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಬೆನ್ನಲ್ಲೇ ಮನುಷ್ಯರಿಗೆ ಜ್ವರ ಬರುತ್ತಿದೆ ಎಂದು ಗುರುತಿಸಿದ್ದು ಅವರು. ಮಂಗಗಳ ಸಾವಿನ ಸುದ್ದಿ ಕೇಳಿ ವಿಜ್ಞಾನಿಗಳು ಮೊದಲು ಹೆದರಿದ್ದು ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ ಎಂದು. ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರಕ್ಕೆ ಮಂಗಗಳು ಹಾಗೆ ಸಾಯುತ್ತವೆ. ಪರೀಕ್ಷಿಸಿದಾಗ ಸಿಕ್ಕಿದ್ದು ಅದೇ ಕುಲದ, ಆದರೆ ಜಗತ್ತಿಗೆ ಹೊಸದಾದ ವೈರಸ್. ಈ ಕ್ರಮವನ್ನು ನೆನಪಿಡಬೇಕು: ಊರಿನವರ ಗಮನ ಮೊದಲು, ಪ್ರಯೋಗಾಲಯದ ಉತ್ತರ ಆಮೇಲೆ. ಊರಿಗೆ ವಿಜ್ಞಾನ ಹೇಳಲು ಹೋಗುವವರು ಕೇಳಿಸಿಕೊಳ್ಳುವುದರಿಂದಲೇ ಶುರುಮಾಡಬೇಕು ಎನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಪುರಾವೆ ಗೊತ್ತಿಲ್ಲ.

ಹೋಗುವವರು ಯಾರು? ಆರೋಗ್ಯ ಇಲಾಖೆಯವರು ಹೋಗುತ್ತಾರೆ, ಆಶಾ ಕಾರ್ಯಕರ್ತೆಯರು ಮನೆಮನೆ ಸುತ್ತುತ್ತಾರೆ. ನಾನು ಹೇಳಹೊರಟಿರುವುದು ಇನ್ನೊಂದು ವರ್ಗದವರ ವಿಚಾರ. ಪುತ್ತಿಗೆಯನ್ನೇ ನೋಡಿ. ಒಂದು ಕಾಲದಲ್ಲಿ ಚೌಟ ಅರಸರ ನೆಲೆಯಾಗಿದ್ದ ಈ ಊರು ಮೂಡುಬಿದಿರೆಗೆ ತಾಗಿಕೊಂಡೇ ಇದೆ. ಮೂಡುಬಿದಿರೆ, ಉಜಿರೆ, ಮಂಗಳೂರು, ಮಣಿಪಾಲ ಹೀಗೆ ಸುತ್ತಲೂ ಕಾಲೇಜುಗಳು, ಪ್ರಯೋಗಾಲಯಗಳು. ಸೂಕ್ಷ್ಮಜೀವಿ ವಿಜ್ಞಾನ ಓದಿದವರು, ಕಲಿಸುವವರು, ಆಸ್ಪತ್ರೆಯ ಲ್ಯಾಬಿನಲ್ಲಿ ದಿನವೂ ಕಲ್ಚರ್ ಪ್ಲೇಟು ನೋಡುವವರು ಇಲ್ಲೇ ನಮ್ಮ ನಡುವೆ ಬಾಡಿಗೆ ಮನೆ ಮಾಡಿಕೊಂಡಿದ್ದಾರೆ. ಅದೇ ಬಸ್ಸಿನಲ್ಲಿ ಹೋಗುತ್ತಾರೆ, ಅದೇ ಕೋಲ ನೋಡುತ್ತಾರೆ. ಮಂಗನ ಕಾಯಿಲೆ, ಇಲಿಜ್ವರ, ಬಾವಿ ನೀರು, ಅಡಿಕೆಯ ಕೊಳೆರೋಗ ಎಲ್ಲವೂ ಅವರ ಪಾಠದೊಳಗಿನ ವಿಷಯಗಳೇ. ಇವರಲ್ಲಿ ಹತ್ತರಲ್ಲಿ ಒಬ್ಬರು ತಿಂಗಳಿಗೆ ಅರ್ಧ ದಿನ ಸ್ವಂತ ಇಚ್ಛೆಯಿಂದ ಕೊಟ್ಟರೂ ಈ ಸೀಮೆಯ ಚಿತ್ರ ಬೇರೆಯಾಗುತ್ತದೆ.

ವಿಜ್ಞಾನವನ್ನು ಜನಕ್ಕೆ ಹೇಳುವ ಕೆಲಸಕ್ಕೆ ಈ ಮಣ್ಣು ಹೊಸದಲ್ಲ. ಪುತ್ತೂರಿನಲ್ಲಿ ಕೂತು ಶಿವರಾಮ ಕಾರಂತರು ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದರು. ಬಂಟ್ವಾಳ ಸೀಮೆಯ ಅಡ್ಯನಡ್ಕ ಕೃಷ್ಣ ಭಟ್ಟರು ಭೌತವಿಜ್ಞಾನದ ಮೇಷ್ಟ್ರಾಗಿದ್ದುಕೊಂಡೇ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ವನ್ನು ಬಹುಕಾಲ ಸಂಪಾದಿಸಿದರು. ಪುತ್ತೂರಿನಿಂದ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಆದರೂ ಒಂದು ಕೊರತೆ ಎದ್ದು ಕಾಣುತ್ತದೆ. ನಮ್ಮ ವಿಜ್ಞಾನ ಪ್ರಸಾರ ಆಕಾಶ ನೋಡಿದಷ್ಟು ಬಾವಿ ನೋಡಲಿಲ್ಲ. ಗ್ರಹಣ ಬಂದರೆ ದೂರದರ್ಶಕ ಹೊತ್ತು ಊರೂರಿಗೆ ಹೋಗುವವರಿದ್ದಾರೆ. ಮಳೆಗಾಲ ಬಂದರೆ ಬಾವಿಕಟ್ಟೆಗೆ ಹೋಗುವ ಸೂಕ್ಷ್ಮಜೀವಿ ವಿಜ್ಞಾನಿ ಅಪರೂಪ.

ಬಾವಿಯ ಮಾತು ಬಂತು, ಅಲ್ಲೇ ಸ್ವಲ್ಪ ನಿಲ್ಲೋಣ. ನಮ್ಮ ಕಡೆ ಮನೆಗೊಂದು ಬಾವಿ. ನೆಲವೋ ಮುರಕಲ್ಲಿನದು, ತೂತುತೂತಾದ ಕಲ್ಲು. ಮಳೆ ಹಿಡಿದರೆ ನೀರು ಅದರೊಳಗೆ ಸಲೀಸಾಗಿ ಹರಿಯುತ್ತದೆ, ಪಾಯಿಖಾನೆಯ ಗುಂಡಿಯ ನೀರೂ ಹಾಗೆಯೇ. ಗುಂಡಿಗೂ ಬಾವಿಗೂ ಕನಿಷ್ಠ 15 ಮೀಟರ್ ದೂರವಿರಬೇಕು ಎನ್ನುವ ನಿಯಮ ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿದವರಿಗೆ ಪಾಲಿಸಲಿಕ್ಕೇ ಆಗುವುದಿಲ್ಲ. ನೀರು ಕಣ್ಣಿಗೆ ತಿಳಿಯಾಗಿಯೇ ಇರುತ್ತದೆ.

ಅದರಲ್ಲಿ ಹೊಲಸು ಸೇರಿದೆಯೇ ಎಂದು ತಿಳಿಯಲು ನಮ್ಮ ದೇಶದವರೇ ಕಂಡುಹಿಡಿದ ಒಂದು ಸುಲಭ ಪರೀಕ್ಷೆಯಿದೆ. ಮಂಜ, ಮೌರ್ಯ ಮತ್ತು ರಾವ್ ಎಂಬ ಮೂವರು ವಿಜ್ಞಾನಿಗಳು 1982ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ಒಂದು ಪುಟ್ಟ ಬಾಟಲಿ, ಒಳಗೆ ಮಡಿಸಿಟ್ಟ ಕಾಗದದ ಪಟ್ಟಿ. ಸೂಕ್ಷ್ಮಜೀವಿಗಳಿಗೆ ಬೇಕಾದ ಆಹಾರ, ಗಂಧಕದ ಒಂದು ಲವಣ, ಕಬ್ಬಿಣದ ಒಂದು ಲವಣ ಇವನ್ನು ಆ ಕಾಗದಕ್ಕೆ ಹೀರಿಸಿ, ಕ್ರಿಮಿಶುದ್ಧ ಮಾಡಿ ಒಣಗಿಸಿರುತ್ತಾರೆ. ಬಾವಿಯ ನೀರನ್ನು ಗುರುತಿನ ತನಕ, ಸುಮಾರು 20 ಮಿಲಿಲೀಟರ್, ತುಂಬಿ ಮುಚ್ಚಳ ಬಿಗಿದು ಮನೆಯ ಬೆಚ್ಚಗಿನ ಮೂಲೆಯಲ್ಲಿ ಇಟ್ಟರಾಯಿತು. ಕರುಳಿನಿಂದ ಬಂದ ಕೆಲವು ಬ್ಯಾಕ್ಟೀರಿಯಾಗಳು ನೀರಿನಲ್ಲಿದ್ದರೆ ಅವು ಗಂಧಕದ ಲವಣವನ್ನು ಒಡೆದು ಹೈಡ್ರೋಜನ್ ಸಲ್ಫೈಡ್ ಅನಿಲ ಬಿಡುತ್ತವೆ. ಅನಿಲ ಕಬ್ಬಿಣದೊಂದಿಗೆ ಸೇರಿ ಕಪ್ಪಾಗುತ್ತದೆ. ಸಂಜೆ ಇಟ್ಟ ಬಾಟಲಿಯ ಕಾಗದ ಬೆಳಗ್ಗೆಯೋ ಮಧ್ಯಾಹ್ನವೋ ನೋಡುವಾಗ ಅಂಚಿನಿಂದ ಮಸಿ ಹಿಡಿದು, ನೀರೂ ಕಪ್ಪಗಾಗಿರುತ್ತದೆ.

ಬಾಟಲಿ ಕಪ್ಪಾದ ಮನೆಯಲ್ಲಿ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ನಾವು ಇಷ್ಟು ವರ್ಷ ಇದೇ ನೀರು ಕುಡಿದದ್ದಲ್ವಾ ಸರ್, ಏನಾಗಿದೆ ನಮಗೆ?” ಸ್ವಯಂಸೇವಕನ ಯೋಗ್ಯತೆ ತಿಳಿಯುವುದು ಇಲ್ಲಿ. ಹೆದರಿಸಿ ಬಾಯಿ ಮುಚ್ಚಿಸುವುದು ಸುಲಭ, ಅದು ಸುಳ್ಳೂ ಹೌದು. ಕಪ್ಪಾಯಿತು ಎಂದರೆ ಹೊಲಸು ಸೇರುವ ದಾರಿ ತೆರೆದಿದೆ ಎಂದು ಅರ್ಥ; ನಾಳೆಯೇ ರೋಗ ಬರುತ್ತದೆ ಎಂದಲ್ಲ. ನೆಲದೊಳಗೆ ಸಹಜವಾಗಿ ಸಲ್ಫೈಡ್ ಇರುವ ಕಡೆ ಪರೀಕ್ಷೆ ತಪ್ಪಾಗಿ ಕಪ್ಪಾಗುವುದೂ ಉಂಟು. ಅದನ್ನೂ ಹೇಳಬೇಕು. ಆಮೇಲೆ ಪರಿಹಾರ: ಕುಡಿಯುವ ನೀರು ಕುದಿಯಲಿ; ಬಾವಿಗೆ ಒಳ್ಳೆಯ ಬ್ಲೀಚಿಂಗ್ ಪೌಡರು 1000 ಲೀಟರಿಗೆ ಸುಮಾರು 2.5 ಗ್ರಾಂ ಲೆಕ್ಕದಲ್ಲಿ ಬೀಳಲಿ. ಮೂರು ಮೀಟರ್ ಅಗಲದ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಹತ್ತಿರ ಹತ್ತಿರ 28,000 ಲೀಟರ್. ಅದಕ್ಕೆ 70 ಗ್ರಾಂ ಸಾಕು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ರಾತ್ರಿ ಬಾವಿಗೆ ಬಿಟ್ಟು, ಬೆಳಗ್ಗೆ ನೀರು ಸೇದುವುದು. ಕಪ್ಪಾದ ಬಾಟಲಿಯನ್ನು ಮಕ್ಕಳ ಕೈಗೆ ಕೊಡದೆ, ಬ್ಲೀಚಿಂಗ್ ನೀರು ಹಾಕಿ ಕೊಂದು ಚೆಲ್ಲುವುದು ಬಂದವರ ಜವಾಬ್ದಾರಿ. ಬಾವಿಯ ನೀರಿನ ಲೆಕ್ಕವನ್ನು ಹೈಸ್ಕೂಲಿನ ಮಕ್ಕಳೇ ತಮ್ಮ ಬಾವಿಗೆ ಹಗ್ಗ ಇಳಿಸಿ ಅಳೆದು ಮಾಡಬಲ್ಲರು. ಸಿಲಿಂಡರಿನ ಘನಫಲದ ಪಾಠ ಅವರಿಗೆ ಹೇಗೂ ಇದೆ.

ಸೂಕ್ಷ್ಮಜೀವಿಯ ವಿಜ್ಞಾನ ಊರಿನವರ ಕೈಗೆ ಬಂದರೆ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎನ್ನುವುದಕ್ಕೆ ಅಡಿಕೆ ತೋಟವೇ ಸಾಕ್ಷಿ. ಕೊಳೆರೋಗಕ್ಕೆ ಕಾರಣ ಫೈಟೊಫ್ತೊರ ಎಂಬ ಸೂಕ್ಷ್ಮಜೀವಿ. ನೋಡಲು ಶಿಲೀಂಧ್ರದಂತಿದ್ದರೂ ಅದರ ಕುಲವೇ ಬೇರೆ. ಬಾಲವಿರುವ ಅದರ ಬೀಜಕಣಗಳು ಕಾಯಿಯ ಮೇಲಿನ ನೀರಿನ ತೆಳುಪದರದಲ್ಲಿ ಈಜುತ್ತವೆ, ಅದಕ್ಕೇ ಜಡಿಮಳೆ ಹಿಡಿದಾಗ ಗೊನೆ ಗೊನೆಯೇ ಉದುರುವುದು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಬರೆದರು, ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಮಲೆನಾಡಿನ ತೋಟಗಳಲ್ಲಿ ಹಬ್ಬಿಸಿದರು. ಬಂಟ್ವಾಳ ತಾಲ್ಲೂಕಿನ ವಿಟ್ಲದಲ್ಲಿ 1956ರಿಂದ ಅಡಿಕೆ ಸಂಶೋಧನಾ ಕೇಂದ್ರವಿದೆ. ಇವತ್ತು ನಮ್ಮ ಕಡೆಯ ಯಾವ ಕೃಷಿಕರನ್ನು ಕೇಳಿದರೂ ಹೇಳುತ್ತಾರೆ: 1 ಕಿಲೋ ಮೈಲುತುತ್ತು 50 ಲೀಟರಿಗೆ, 1 ಕಿಲೋ ಸುಣ್ಣ 50 ಲೀಟರಿಗೆ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಕಬ್ಬಿಣದ ಪಾತ್ರೆ ಕೂಡದು. ಉಜ್ಜಿದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಹತ್ತಿದರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಸುಣ್ಣ ಸಾಲದು ಎಂದು ಲೆಕ್ಕ. ಇದು ಶುದ್ಧ ರಸಾಯನಶಾಸ್ತ್ರದ ಪರೀಕ್ಷೆ. ಶಾಲೆಯ ಮುಖ ನೋಡದವರೂ ಇದನ್ನು ತಪ್ಪಿಲ್ಲದೆ ಮಾಡುತ್ತಾರೆ. ಯಾರೋ ತೋಟಕ್ಕೆ ಇಳಿದು, ಮಾಡಿ ತೋರಿಸಿ, ಮರುವರ್ಷವೂ ಬಂದಿದ್ದರಿಂದ ಇದು ನೆಲೆಯಾಯಿತು.

ಹೀಗೆ ಊರಿಗೆ ಇಳಿಯಬಲ್ಲ ಹಲವರನ್ನು ಭಾಷೆಯ ಸಂಕೋಚ ಹಿಂದೆಳೆಯುತ್ತದೆ. ಇಂಗ್ಲಿಷಿನಲ್ಲಿ ಓದಿದ್ದೇವೆ, ಕನ್ನಡದಲ್ಲಿ ಹೇಳಲು ಬರುವುದಿಲ್ಲ ಎನ್ನುತ್ತಾರೆ. ಸೂಕ್ಷ್ಮಜೀವಿಗಳನ್ನು ಮೊದಲು ಕಂಡ ಲೇವನ್‌ಹುಕ್ ಡೆಲ್ಫ್ಟ್ ಊರಿನ ಜವಳಿ ವ್ಯಾಪಾರಿ. ಅಂದಿನ ವಿದ್ವಾಂಸರ ಲ್ಯಾಟಿನ್ ಅವರಿಗೆ ಬರುತ್ತಿರಲಿಲ್ಲ. ಹಲ್ಲಿನ ಸಂದಿಯ ಪಾಚಿಯಲ್ಲಿ ಕಂಡ ಜೀವಿಗಳ ಬಗ್ಗೆ 1683ರ ಸೆಪ್ಟೆಂಬರ್ 17ರಂದು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಕಾಗದವೂ ಅವರ ಮನೆಮಾತು ಡಚ್ಚಿನಲ್ಲೇ ಇತ್ತು. ಈ ವಿಜ್ಞಾನ ಹುಟ್ಟಿದ್ದೇ ಆಡುಮಾತಿನಲ್ಲಿ. ಪುತ್ತಿಗೆಯಲ್ಲಿ ತುಳುವಿನಲ್ಲಿ ಹೇಳಿದರೆ ಇನ್ನೂ ಒಳ್ಳೆಯದು. ವೈರಸ್, ಬ್ಯಾಕ್ಟೀರಿಯಾ, ಲ್ಯಾಬ್ ಎಂಬ ಮಾತುಗಳು ಯಾರಿಗೂ ಹೊಸತಲ್ಲ, ಅವನ್ನು ಹಾಗೆಯೇ ಇಟ್ಟುಕೊಳ್ಳಬಹುದು. 2020ರ ಮಾರ್ಚಿನಲ್ಲಿ ಕೋವಿಡ್ ಕಾಲಿಟ್ಟಾಗ ದೇಶದ ನೂರಾರು ವಿಜ್ಞಾನಿಗಳು ‘ಇಂಡಿಯನ್ ಸೈಂಟಿಸ್ಟ್ಸ್ ರೆಸ್ಪಾನ್ಸ್ ಟು ಕೋವಿಡ್-19’ ಎಂಬ ಹೆಸರಿನಲ್ಲಿ ತಾವಾಗಿಯೇ ಒಟ್ಟುಗೂಡಿದರು. ಗಾಳಿಸುದ್ದಿಗಳಿಗೆ ಉತ್ತರ ಬರೆದು ಕನ್ನಡವೂ ಸೇರಿದಂತೆ ಹಲವು ಭಾಷೆಗಳಿಗೆ ತಂದರು. ಯಾರೂ ಸಂಬಳ ಕೊಟ್ಟಿರಲಿಲ್ಲ. ಸಾಧ್ಯ ಎನ್ನುವುದು ಅಲ್ಲೇ ಸಾಬೀತಾಯಿತು. ಮಹಾಮಾರಿ ಬಂದರೆ ಮಾತ್ರ ಮಾತಾಡುವುದು ಸಾಲದು, ಅಷ್ಟೆ.

ಇನ್ನು ಮಂಗನ ಕಾಯಿಲೆ. ಅದು ಎಲ್ಲಿಗೂ ಹೋಗಿಲ್ಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜೀವಗಳನ್ನು ತೆಗೆದುಕೊಂಡಿತು. ಉತ್ತರ ಕನ್ನಡ, ಚಿಕ್ಕಮಗಳೂರುಗಳಲ್ಲಿ ಈಚೆಗೂ ಸಾವುಗಳಾಗಿವೆ. ಇದಕ್ಕೆಂದೇ ಔಷಧಿಯಿಲ್ಲ. 1990ರಿಂದ ಕೊಡುತ್ತಿದ್ದ ಲಸಿಕೆ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು ನಿಂತಿದೆ, ಹೊಸ ಲಸಿಕೆಯ ಕೆಲಸ ನಡೆಯುತ್ತಿದೆ. ಹಾಗಾಗಿ ಉಳಿದ ರಕ್ಷಣೆಯೆಲ್ಲ ನಡವಳಿಕೆಯದು. ಮಳೆ ಬಿಟ್ಟ ಮೇಲೆ ಉಣುಗಿನ ಮರಿಗಳು ತರಗೆಲೆಯಲ್ಲಿ ಬೆಳೆದು, ಡಿಸೆಂಬರಿನಿಂದ ಮೇ ತನಕ ಎಳ್ಳಿನ ಕಾಳಿನಷ್ಟೇ ಇರುವ ಹಂತದಲ್ಲಿ ಮನುಷ್ಯರನ್ನು ಕಚ್ಚುತ್ತವೆ. ನಾವು ಹಟ್ಟಿಗೆ ತರಗೆಲೆ ಗುಡಿಸಿ ತರುವುದೂ ಅದೇ ತಿಂಗಳುಗಳಲ್ಲಿ. ಮಂಗ ಸತ್ತು ಬಿದ್ದರೆ ಅದರ ಮೈಮೇಲಿನ ಉಣುಗುಗಳು ಇಳಿದು ಸುತ್ತಲಿನ ನೆಲದಲ್ಲಿ ಹರಡುತ್ತವೆ, ಆ ಜಾಗವೇ ಅಪಾಯದ ಜಾಗ. ಅಲ್ಲಿಗೆ ಹೋಗದೆ, ಮಂಗವನ್ನು ಮುಟ್ಟದೆ, ಆರೋಗ್ಯ ಇಲಾಖೆಗೆ ತಿಳಿಸಬೇಕು. ಕಾಡಿಗೆ ಹೋಗುವವರು ಉಣುಗು ಹತ್ತದಂತೆ ಕೈಕಾಲಿಗೆ ಇಲಾಖೆ ಕೊಡುವ ಡೀಪಾ ಎಣ್ಣೆ ಹಚ್ಚಿ, ಬಂದ ಮೇಲೆ ಬಿಸಿನೀರು ಸ್ನಾನ ಮಾಡಿ ಬಟ್ಟೆ ಒಗೆಯಬೇಕು. ಜ್ವರ ಬಂದರೆ ಕಾಡಿಗೆ ಹೋಗಿದ್ದ ವಿಷಯವನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ರೋಗಿಯನ್ನು ದೂರವಿಡುವ ಕಾರಣವೇ ಇಲ್ಲ.

ಇದನ್ನು ಹೇಳಲು ಸಭಾಂಗಣ ಬೇಡ. ಹಾಲಿನ ಸೊಸೈಟಿಯಲ್ಲಿ ಬೆಳಗ್ಗೆ ಸಾಲುನಿಂತ ಹೊತ್ತು ಸಾಕು, ದನ ಸಾಕುವವರೆಲ್ಲ ಅಲ್ಲಿಗೇ ಬರುತ್ತಾರೆ. ಗಾಜಿನ ಸೀಸೆಯೊಳಗೆ ಸ್ಪಿರಿಟ್ಟಿನಲ್ಲಿಟ್ಟ ಉಣುಗು, ಒಂದು ಭೂತಗನ್ನಡಿ, ಹತ್ತು ನಿಮಿಷ. ಚಿಕಿತ್ಸೆ ಹೇಳುವ ಗೋಜಿಗೆ ಹೋಗದೆ, ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ವಿಚಾರಿಸಿಕೊಂಡು ಮತ್ತೆ ಬರುವ ಸೌಜನ್ಯ ಇದ್ದರಾಯಿತು.

ಕಾಲೇಜುಗಳ ಆಡಳಿತದವರಲ್ಲಿ ಒಂದು ಕೋರಿಕೆ. ಪ್ರಬಂಧ ಪ್ರಕಟಿಸಿದ್ದಕ್ಕೆ ಅಂಕವಿದೆ, ಬಡ್ತಿಯಿದೆ; ಬಾವಿಕಟ್ಟೆಗೆ ಹೋದದ್ದಕ್ಕೆ ಏನೂ ಇಲ್ಲ. ಕನಿಷ್ಠ ಆ ದಿನವನ್ನು ಕೆಲಸದ ದಿನವೆಂದು ಬರೆದುಕೊಳ್ಳಿ, ಬಸ್ಸಿನ ಖರ್ಚು ಕೊಡಿ, ವಿದ್ಯಾರ್ಥಿಗಳಿಗೆ ಅದನ್ನು ಪ್ರಾಜೆಕ್ಟ್ ಎಂದು ಲೆಕ್ಕ ಹಾಕಿ. ಊರಿನವರಲ್ಲೂ ಒಂದು ಮಾತು: ಅವರಾಗಿ ಬರಲಿ ಎಂದು ಕಾಯಬೇಡಿ. ಶಾಲೆಯಿಂದ, ಸ್ವಸಹಾಯ ಸಂಘದಿಂದ, ಭಜನಾ ಮಂದಿರದಿಂದ ಹತ್ತಿರದ ಕಾಲೇಜಿನ ಜೀವವಿಜ್ಞಾನ ವಿಭಾಗಕ್ಕೆ ಒಂದು ಕಾಗದ ಬರೆಯಿರಿ. ಬಾವಿ ನೀರಿನ ಪರೀಕ್ಷೆಗೆ ಜೂನ್ ತಿಂಗಳಲ್ಲಿ ಕರೆಯಿರಿ. ಮಂಗನ ಕಾಯಿಲೆಯ ಮಾತಿಗೆ ನವೆಂಬರ್ ಮುಗಿಯುವ ಮೊದಲೇ ಕರೆಯಿರಿ.