ಚಳಿಗಾಲಕ್ಕೆ ಸರಿದ ವಿಶ್ವಕಪ್

ಜೂನ್, ಜುಲೈನಲ್ಲಿ ಕತಾರ್‌ನ ಹಗಲಿನ ಬಿಸಿಲು 40 ಡಿಗ್ರಿ ದಾಟುತ್ತದೆ. 2010ರ ಡಿಸೆಂಬರ್‌ನಲ್ಲಿ ಫಿಫಾ ಆ ದೇಶಕ್ಕೆ 2022ರ ಫುಟ್‌ಬಾಲ್ ವಿಶ್ವಕಪ್‌ನ ಆತಿಥ್ಯ ವಹಿಸಿದಾಗಲೂ ಇದು ಗುಟ್ಟಾಗಿರಲಿಲ್ಲ. ಕ್ರೀಡಾಂಗಣಗಳನ್ನು ತಂಪಾಗಿಸಿ ಬೇಸಿಗೆಯಲ್ಲೇ ಆಡಿಸುವುದಾಗಿ ಕತಾರ್ ಮಾತು ಕೊಟ್ಟಿತ್ತು. ಅಂಗಣವನ್ನೇನೋ ತಂಪಾಗಿಸಬಹುದು, ದೂರದೂರುಗಳಿಂದ ಬಂದ ಅಭಿಮಾನಿಗಳು ಅಡ್ಡಾಡುವ ಬೀದಿಗಳನ್ನು? ಕೊನೆಗೆ 2015ರಲ್ಲಿ ಟೂರ್ನಿ ನವೆಂಬರ್–ಡಿಸೆಂಬರ್‌ಗೆ ಸರಿಯಿತು.

ಆಟದ ಮಟ್ಟಿಗೆ ಅದು ಫಲ ಕೊಟ್ಟಿತು. ಹಿತವಾದ ಹವೆಯಲ್ಲಿ 64 ಪಂದ್ಯಗಳಿಂದ 172 ಗೋಲುಗಳು ಬಂದವು, ಅಲ್ಲಿಯವರೆಗಿನ ದಾಖಲೆ ಅದು. ಒಂಬತ್ತು ತಿಂಗಳ ಲೀಗ್ ಮುಗಿಸಿ ಸೊರಗಿ ಬರುತ್ತಿದ್ದ ಆಟಗಾರರು ಈ ಬಾರಿ ಋತುವಿನ ನಡುವೆ, ಒಳ್ಳೆಯ ಲಯದಲ್ಲಿ ಬಂದಿದ್ದರು. ಅರ್ಜೆಂಟೀನಾ–ಫ್ರಾನ್ಸ್ ನಡುವಿನ 3–3ರ ಫೈನಲ್‌ ಅನ್ನು ನೋಡಿದವರು ಮರೆಯಲಾರರು.

ಆದರೆ ಬಿಡುವೇ ಇರಲಿಲ್ಲ. ನವೆಂಬರ್ 13ರವರೆಗೂ ಪ್ರೀಮಿಯರ್ ಲೀಗ್ ನಡೆಯಿತು. 21ಕ್ಕೆ ಇಂಗ್ಲೆಂಡ್ ತಂಡ ಇರಾನ್ ಎದುರು ಕಣಕ್ಕಿಳಿಯಿತು. ಡಿಸೆಂಬರ್ 18ರಂದು ಫೈನಲ್, 26ಕ್ಕೆ ಮತ್ತೆ ಲೀಗ್. ಬೇಸಿಗೆಯ ಟೂರ್ನಿಯಾಗಿದ್ದರೆ ಪೆಟ್ಟಾದವರಿಗೆ ಚೇತರಿಸಿಕೊಳ್ಳಲು ಕೆಲವು ವಾರಗಳಾದರೂ ಸಿಗುತ್ತಿದ್ದವು. ಸೆನೆಗಲ್‌ನ ಸಾಡಿಯೋ ಮಾನೆಗೆ ಆ ಅವಕಾಶವಿರಲಿಲ್ಲ. ನವೆಂಬರ್ 8ರಂದು ಬಯರ್ನ್ ಮ್ಯೂನಿಕ್ ಪರ ಆಡುವಾಗ ಕಾಲಿಗೆ ಪೆಟ್ಟಾಗಿ ವಿಶ್ವಕಪ್ಪೇ ತಪ್ಪಿಹೋಯಿತು. ಕಣ್ಣಿನ ಬಳಿಯ ಮೂಳೆ ಮುರಿದಿದ್ದ ದಕ್ಷಿಣ ಕೊರಿಯಾದ ಸನ್ ಹ್ಯೂಂಗ್-ಮಿನ್ ಮುಖಕ್ಕೆ ರಕ್ಷಾಕವಚ ಕಟ್ಟಿಕೊಂಡೇ ಆಡಿದರು.

ಇನ್ನೊಂದು ಸಂಗತಿ ಇದಕ್ಕಿಂತ ಹೆಚ್ಚು ಕಾಡುತ್ತದೆ. ಆಟಗಾರರಿಗಾಗಿ ದಿನಾಂಕ ಬದಲಾಯಿತು, ಕ್ರೀಡಾಂಗಣ ಕಟ್ಟಿದವರಿಗೆ ಬೇಸಿಗೆ ತಪ್ಪಲಿಲ್ಲ. ನೇಪಾಳ, ಬಾಂಗ್ಲಾದೇಶ, ಭಾರತದಿಂದ ಹೋದ ಕಾರ್ಮಿಕರು ವರ್ಷಗಟ್ಟಲೆ ಆ ಬಿಸಿಲಲ್ಲೇ ದುಡಿದರು. ಬೇಸಿಗೆಯಲ್ಲಿ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ಹೊರಗೆ ಕೆಲಸ ಮಾಡಿಸಬಾರದೆಂಬ ವಿಸ್ತೃತ ನಿಯಮ ಬಂದದ್ದು 2021ರಲ್ಲಿ, ಅಷ್ಟರಲ್ಲಿ ಕಟ್ಟಡಗಳ ಕೆಲಸ ಬಹುಪಾಲು ಮುಗಿದಿತ್ತು. ಕರಾವಳಿಯ ಎಷ್ಟೋ ಮನೆಗಳಿಗೆ ಕೊಲ್ಲಿಯ ಬಿಸಿಲು ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ.

2034ರ ವಿಶ್ವಕಪ್ ಸೌದಿ ಅರೇಬಿಯಾದಲ್ಲಿ. ಅಲ್ಲಿಯೂ ಬೇಸಿಗೆಯಲ್ಲಿ ಆಡುವುದು ಕಷ್ಟ. ಆ ವರ್ಷದ ರಂಜಾನ್ ಬರುವುದು ನವೆಂಬರ್–ಡಿಸೆಂಬರ್‌ನಲ್ಲೇ, ಹಾಗಾಗಿ ಆ ತಿಂಗಳುಗಳೂ ಸಲೀಸಲ್ಲ. ಆದರೂ ಚಳಿಗಾಲವೇ ಸರಿ ಎನ್ನುವುದಾದರೆ ಫಿಫಾ ದಿನಾಂಕವನ್ನು ಬೇಗ ಪ್ರಕಟಿಸಲಿ, ಟೂರ್ನಿಗೆ ಮುನ್ನ ಆಟಗಾರರಿಗೆ ಮೂರು ವಾರವಾದರೂ ಬಿಡುವು ಕೊಡಲಿ, ಕಾರ್ಮಿಕರ ಬೇಸಿಗೆ ವಿರಾಮವನ್ನು ಮೊದಲ ಅಡಿಪಾಯ ತೋಡುವ ಮುನ್ನವೇ ಕಡ್ಡಾಯ ಮಾಡಲಿ.